ಬಫರ್ ದ್ರಾವಣದ ಪಿಎಚ್ ಲೆಕ್ಕ: ಫ್ಲೋರೈಡ್ ಪರೀಕ್ಷೆ ಮಾಡುವವರಿಗಾಗಿ

ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಎಲೆಕ್ಟ್ರೋಡ್‌ನಿಂದ ಅಳೆಯುವ ಮುನ್ನ, ಮಾದರಿಗೆ ಅಷ್ಟೇ ಪ್ರಮಾಣದ ಅಸಿಟೇಟ್ ಬಫರ್ (ಪಿಎಚ್ ಸುಲಭವಾಗಿ ಕದಲದಂತೆ ತಡೆಯುವ ದ್ರಾವಣ) ಬೆರೆಸುವುದು ವಾಡಿಕೆ. ಆ ಬಫರ್‌ನ ಪಿಎಚ್ 5.0ರಿಂದ 5.5ರ ನಡುವೆ ಇರಬೇಕು. ಪಿಎಚ್ ಅದಕ್ಕಿಂತ ಬಹಳ ಇಳಿದರೆ ಫ್ಲೋರೈಡ್‌ನ ಒಂದು ಪಾಲು ಹೈಡ್ರೋಫ್ಲೋರಿಕ್ ಆಮ್ಲವಾಗಿ ಎಲೆಕ್ಟ್ರೋಡ್‌ನ ಕಣ್ಣಿಗೆ ಬೀಳದೆ ಹೋಗುತ್ತದೆ. ಬಹಳ ಏರಿದರೆ ಹೈಡ್ರಾಕ್ಸೈಡ್ ಅಯಾನನ್ನೇ ಎಲೆಕ್ಟ್ರೋಡ್ ಫ್ಲೋರೈಡ್ ಎಂದು ಎಣಿಸತೊಡಗುತ್ತದೆ. ಆದ್ದರಿಂದ ಈ ಬಫರ್‌ನ ಲೆಕ್ಕವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವಂತಿಲ್ಲ.

ಲೆಕ್ಕಕ್ಕೆ ಬೇಕಾದ ಸೂತ್ರ ಒಂದೇ. ಅಮೆರಿಕದ ಹೆಂಡರ್ಸನ್ 1908ರಲ್ಲಿ ಕೊಟ್ಟ ಸಂಬಂಧವನ್ನು ಡೆನ್ಮಾರ್ಕಿನ ಹ್ಯಾಸೆಲ್‌ಬಾಕ್ 1916ರಲ್ಲಿ ಲಾಗರಿದಮ್ ರೂಪಕ್ಕೆ ತಂದರು:

ಪಿಎಚ್ = ಪಿಕೆಎ + ಲಾಗ್ (ಲವಣದ ಮೋಲ್‌ಗಳು ÷ ಆಮ್ಲದ ಮೋಲ್‌ಗಳು)

ಲವಣ ಎಂದರೆ ಅದೇ ಆಮ್ಲದ ಲವಣ, ಇಲ್ಲಿ ಸೋಡಿಯಂ ಅಸಿಟೇಟ್. ಪಿಕೆಎ ಎಂಬುದು ಆಯಾ ದುರ್ಬಲ ಆಮ್ಲದ ಸ್ವಂತ ಸಂಖ್ಯೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಸಿಟಿಕ್ ಆಮ್ಲಕ್ಕೆ ಅದು 4.76. ಭಾಗಾಕಾರದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಗೊಂದಲ ಬಂದಾಗ, ಆಮ್ಲ ಹೆಚ್ಚಿದರೆ ಪಿಎಚ್ ಇಳಿಯಲೇಬೇಕು, ಹಾಗಾಗಿ ಆಮ್ಲ ಕೆಳಗಿರಬೇಕು ಎಂದು ಯೋಚಿಸಿದರೆ ಸಾಕು.

ಒಂದು ಉದಾಹರಣೆಯನ್ನು ಕೊನೆಯವರೆಗೂ ನೋಡೋಣ. 0.1 ಮೋಲಾರ್ ಅಸಿಟಿಕ್ ಆಮ್ಲ 200 ಮಿಲಿಲೀಟರ್, 0.1 ಮೋಲಾರ್ ಸೋಡಿಯಂ ಅಸಿಟೇಟ್ 300 ಮಿಲಿಲೀಟರ್ ಬೆರೆಸಿದ್ದೇವೆ ಎಂದುಕೊಳ್ಳಿ. ಲೀಟರ್‌ಗೆ ತಿರುಗಿಸಿ ಗುಣಿಸಿದರೆ ಆಮ್ಲ 0.020 ಮೋಲ್, ಲವಣ 0.030 ಮೋಲ್. ಎರಡೂ ಒಂದೇ ಬೀಕರಿನಲ್ಲಿರುವುದರಿಂದ ಒಟ್ಟು ಗಾತ್ರವನ್ನು ಲೆಕ್ಕಕ್ಕೆ ತರುವ ಅಗತ್ಯವೇ ಇಲ್ಲ. ಅನುಪಾತ 1.5, ಅದರ ಲಾಗ್ 0.18, ಹಾಗಾಗಿ ಪಿಎಚ್ 4.94. ಈಗ ಇದಕ್ಕೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 10 ಮಿಲಿಲೀಟರ್, ಅಂದರೆ 0.001 ಮೋಲ್, ಸೇರಿಸಿದರೆ ಅಷ್ಟೇ ಆಮ್ಲ ಖರ್ಚಾಗಿ ಅಷ್ಟೇ ಲವಣ ಹುಟ್ಟುತ್ತದೆ: ಆಮ್ಲ 0.019, ಲವಣ 0.031, ಪಿಎಚ್ 4.97. ಅದೇ 10 ಮಿಲಿಲೀಟರನ್ನು 500 ಮಿಲಿಲೀಟರ್ ಶುದ್ಧ ನೀರಿಗೆ ಹಾಕಿದ್ದರೆ ಪಿಎಚ್ 11.3 ಮುಟ್ಟುತ್ತಿತ್ತು. ಬಫರ್ ಎಂಬ ಮಾತಿನ ಅರ್ಥ ನನಗೆ ಮನದಟ್ಟಾದದ್ದು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದಾಗಲೇ. ಅನುಪಾತವು 0.1ರಿಂದ 10ರ ಒಳಗಿರುವವರೆಗೆ ಮಾತ್ರ ಈ ತಾಳಿಕೆ ಇರುತ್ತದೆ.

ಫ್ಲೋರೈಡ್ ಬಫರ್‌ಗೆ ಲೆಕ್ಕವನ್ನು ತಿರುಗಿಸಬೇಕು. ಒಂದು ಲೀಟರ್‌ಗೆ ಗ್ಲೇಷಿಯಲ್ (ನೀರು ಬೆರೆಯದ) ಅಸಿಟಿಕ್ ಆಮ್ಲ 57 ಮಿಲಿಲೀಟರ್ ಹಾಕುವುದು ರೂಢಿ. ಅದು ಹೆಚ್ಚುಕಡಿಮೆ ಸರಿಯಾಗಿ 1 ಮೋಲ್. ಬೇಕಾದ ಪಿಎಚ್ 5.25 ಎಂದಿಟ್ಟುಕೊಂಡರೆ 5.25ರಿಂದ 4.76 ಕಳೆದು 0.49, ಅದರ ಪ್ರತಿಲಾಗ್ 3.09. ಲವಣ ಮತ್ತು ಆಮ್ಲ 3.09ಕ್ಕೆ 1ರಂತೆ ಇರಬೇಕಾದರೆ 1 ಮೋಲ್ ಆಮ್ಲದಲ್ಲಿ 0.756 ಮೋಲ್ (3.09 ÷ 4.09) ಲವಣವಾಗಬೇಕು, ಅಂದರೆ 6 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 126 ಮಿಲಿಲೀಟರ್. ಇದನ್ನು ಒಮ್ಮೆಲೇ ಸುರಿಯಬಾರದು; ಬೀಕರನ್ನು ತಣ್ಣೀರಿನಲ್ಲಿಟ್ಟು ಕಲಕುತ್ತಾ ನಿಧಾನವಾಗಿ ಸೇರಿಸಬೇಕು, ಏಕೆಂದರೆ ದ್ರಾವಣ ಚೆನ್ನಾಗಿ ಬಿಸಿಯಾಗುತ್ತದೆ.

ಲೆಕ್ಕ ಸರಿಯಿದ್ದೂ ಪಿಎಚ್ ತಪ್ಪುವುದು ಹೆಚ್ಚಾಗಿ ತಕ್ಕಡಿಯ ಬಳಿ. ಸೋಡಿಯಂ ಅಸಿಟೇಟ್ ಎರಡು ರೂಪದಲ್ಲಿ ಸಿಗುತ್ತದೆ: ನೀರಿಲ್ಲದ್ದಕ್ಕೆ ಮೋಲ್ ಒಂದಕ್ಕೆ 82.03 ಗ್ರಾಂ, ಮೂರು ಅಣು ನೀರಿರುವ ಹರಳಿಗೆ 136.08 ಗ್ರಾಂ. ಮೇಲಿನ ಉದಾಹರಣೆಯ 0.030 ಮೋಲ್‌ಗೆ ಮೊದಲನೆಯದಾದರೆ 2.46 ಗ್ರಾಂ, ಎರಡನೆಯದಾದರೆ 4.08 ಗ್ರಾಂ ಬೇಕು. ನಾನೇ ಒಮ್ಮೆ ಶೀಶೆಯ ಚೀಟಿಯನ್ನು ಪೂರ್ತಿ ಓದದೆ ಹರಳಿನ ಶೀಶೆಯಿಂದ 2.46 ಗ್ರಾಂ ತೂಗಿದ್ದೆ. ಲವಣ 0.018 ಮೋಲ್‌ಗೆ ಇಳಿದು, ಪಿಎಚ್ 4.94ರ ಬದಲು 4.72 ಆಯಿತು, ದಿನವಿಡೀ ಮೀಟರನ್ನೇ ದೂರುತ್ತಾ ಕೂತಿದ್ದೆ. ಇನ್ನೊಂದು ಎಚ್ಚರಿಕೆ ನಮ್ಮ ಕಡೆಯವರಿಗೇ ಮುಖ್ಯ: ದ್ರಾವಣವನ್ನು ಗುರುತಿನವರೆಗೆ ತುಂಬಿಸಲು ನಲ್ಲಿಯ ನೀರನ್ನು ಬಳಸಲೇಬೇಡಿ. ಕೊಳವೆ ಬಾವಿಯ ನೀರಿನ ಬೈಕಾರ್ಬೊನೇಟ್ ಆಮ್ಲವನ್ನು ತಿಂದು ಪಿಎಚ್ ಏರಿಸುತ್ತದೆ, ಜೊತೆಗೆ ಅಳೆಯಬೇಕಾದ ಫ್ಲೋರೈಡನ್ನೇ ಬಫರ್‌ನೊಳಗೆ ತರುತ್ತದೆ. ಭಟ್ಟಿ ಇಳಿಸಿದ ನೀರೇ ಆಗಬೇಕು.

ಇಷ್ಟೆಲ್ಲ ಜೋಪಾನ ಮಾಡಿದರೂ ಮೀಟರಿನ ಓದು ಲೆಕ್ಕಕ್ಕಿಂತ ತುಸು ಕಡಿಮೆ ಬರುತ್ತದೆ. ದ್ರಾವಣದಲ್ಲಿ ಅಯಾನುಗಳು ದಟ್ಟವಾದಂತೆ ಒಂದನ್ನೊಂದು ತಡೆಯುವುದನ್ನು ಈ ಸರಳ ಸೂತ್ರ ಗಮನಿಸುವುದಿಲ್ಲ. ನಮ್ಮ ಮೊದಲ ಉದಾಹರಣೆಯಲ್ಲಿ ವ್ಯತ್ಯಾಸ ಸುಮಾರು 0.1, ಲೀಟರ್‌ಗೆ 58 ಗ್ರಾಂ ಉಪ್ಪನ್ನೂ ಹಾಕುವ ಫ್ಲೋರೈಡ್ ಬಫರ್‌ನಲ್ಲಿ ಇನ್ನೂ ಹೆಚ್ಚಾಗಬಹುದು. ಹಾಗಾಗಿ ಲೆಕ್ಕದ 126 ಮಿಲಿಲೀಟರಿನಲ್ಲಿ 110ರಷ್ಟನ್ನು ಧೈರ್ಯವಾಗಿ ಸೇರಿಸಿ, ದ್ರಾವಣ ಕೋಣೆಯ ಉಷ್ಣತೆಗೆ ಇಳಿದ ಮೇಲೆ, ಪಿಎಚ್ 4 ಮತ್ತು 7ರ ಮಾನಕ ದ್ರಾವಣಗಳಿಂದ ಸರಿಹೊಂದಿಸಿದ ಮೀಟರನ್ನು ಇಳಿಬಿಟ್ಟು, ಉಳಿದದ್ದನ್ನು ಹನಿಹನಿಯಾಗಿ ಹಾಕುತ್ತಾ 5.25ಕ್ಕೆ ತಂದು, ಆ ನಂತರವೇ ಒಂದು ಲೀಟರ್‌ನ ಗುರುತಿಗೆ ನೀರು ತುಂಬಿಸಬೇಕು.

ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಫ್ಲೋರೈಡ್‌ನ ಮಿತಿ ಲೀಟರ್‌ಗೆ 1.0 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5. ಹೈಡ್ರೋಫ್ಲೋರಿಕ್ ಆಮ್ಲದ ಪಿಕೆಎ 3.17 ಆದ್ದರಿಂದ, ಪಿಎಚ್ 4.17ಕ್ಕೆ ಇಳಿದರೆ ಫ್ಲೋರೈಡ್‌ನ ಶೇಕಡಾ 9 ಭಾಗ ಮರೆಯಾಗುತ್ತದೆ. ಇದೂ ಅದೇ ಸೂತ್ರದ ಲೆಕ್ಕ. ಫ್ಲೋರೈಡ್ ಮಾನಕಗಳಿಗೂ (ಹೋಲಿಕೆಗಾಗಿ ಅಳೆಯುವ, ಫ್ಲೋರೈಡ್ ಎಷ್ಟಿದೆ ಎಂದು ಗೊತ್ತಿರುವ ದ್ರಾವಣಗಳಿಗೂ) ಮಾದರಿಗೂ ಒಂದೇ ಬಫರ್ ಹಾಕಿದ್ದರೆ ಈ ತಪ್ಪು ಬಹುಪಾಲು ತಾನಾಗಿ ಸರಿಹೋಗುತ್ತದೆ. ಹಳೆಯ ಶೀಶೆಯಿಂದ ಮಾನಕಗಳಿಗೆ, ಪಿಎಚ್ ಹೀಗೆ ಇಳಿದುಹೋದ ಹೊಸ ಶೀಶೆಯಿಂದ ಮಾದರಿಗೆ ಹಾಕಿದರೆ ಮಾತ್ರ 1.6 ಇರುವ ನೀರು ವರದಿಯಲ್ಲಿ 1.46 ಎಂದು ಕಾಣಿಸಿಕೊಂಡು ಮಿತಿಯೊಳಗೆ ಸೇರಿಬಿಡುತ್ತದೆ. ಆದ್ದರಿಂದ ಪ್ರತಿ ಶೀಶೆಯ ಮೇಲೂ ಲೆಕ್ಕದ ಪಿಎಚ್ ಅಲ್ಲ, ಮೀಟರ್ ತೋರಿಸಿದ ಪಿಎಚ್, ಆ ಹೊತ್ತಿನ ಉಷ್ಣತೆ ಮತ್ತು ತಯಾರಿಸಿದ ದಿನಾಂಕವನ್ನು ಬರೆದಿಡಬೇಕು.