ಕುರ್ವೆಗೆ ಒಯ್ದ ಲಸಿಕೆ, ಅದರೊಳಗಿನ ಪಟಿಕ

ನಾನು ಕುಮಟಾ ತಾಲೂಕಿನ ಒಂದು ಉಪಕೇಂದ್ರದಲ್ಲಿ ಸಿಸ್ಟರ್. ಗುರುವಾರ ನಮ್ಮಲ್ಲಿ ಲಸಿಕೆ ದಿನ. ಅಘನಾಶಿನಿ ಹೊಳೆಯ ನಡುವೆ ಒಂದು ಕುರ್ವೆ, ಅಂದರೆ ನಡುಗಡ್ಡೆ, ಇದೆ, ಅಲ್ಲಿಗೂ ನಾನೇ ಹೋಗಬೇಕು, ದೋಣಿಯಲ್ಲಿ, ಲಸಿಕೆ ಪೆಟ್ಟಿಗೆಯನ್ನು ತೊಡೆ ಮೇಲೆ ಇಟ್ಟುಕೊಂಡು.

ಮೊಮ್ಮಗನಿಗೆ ಎರಡನೇ ಪೆಂಟಾ ಕೊಡಿಸಲು ಬಂದ ಒಬ್ಬ ಅಜ್ಜಿ ಕೇಳಿದರು. "ಸಿಸ್ಟರೇ, ಹೋದ ಸಲ ತೊಡೆ ಕಲ್ಲಾದಾಂಗೆ ಆಗಿತ್ತು, ಹುಡ್ಗ ರಾತ್ರಿ ಪೂರಾ ಕೂಗ್ತು. ಅಂಥದ್ದು ಎಂತ ಇರ್ತದೆ ಅದ್ರಲ್ಲಿ?"

"ಸ್ವಲ್ಪ ಜ್ವರ, ಬಾವು ಬರೋದೇ ಅಜ್ಜಿ" ಅಂದೆ. ಆದರೆ ಅವರು ಕೇಳಿದ್ದಕ್ಕೆ ಅದು ಉತ್ತರ ಅಲ್ಲವೇ ಅಲ್ಲ. ಎಷ್ಟೋ ವರ್ಷದಿಂದ ಚುಚ್ಚುತ್ತಿರುವ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಆವತ್ತಿನಿಂದ ಓದಲು ಶುರು ಮಾಡಿದೆ.

ಪೆಂಟಾ ಅಂದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಎಂಬ ಬ್ಯಾಕ್ಟೀರಿಯಾದ ಸೋಂಕು, ಐದಕ್ಕೂ ಒಂದೇ ಸೂಜಿ. 6, 10, 14 ವಾರಕ್ಕೆ, ಎಡ ತೊಡೆಯ ಮಾಂಸಕ್ಕೆ, 0.5 ಎಂಎಲ್. ಗಂಟಲಮಾರಿ, ಧನುರ್ವಾಯುವಿನ ಭಾಗ ಅಂದರೆ ವಿಷ ಕಳೆದ ಪ್ರೋಟೀನ್. ಅದನ್ನು ಹಾಗೇ ಚುಚ್ಚಿದರೆ ದೇಹ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ, ಸುಮ್ನೆ ಬಂದು ಹೋದ ಹಾಗೆ. ಅದಕ್ಕೇ ಜೊತೆಗೆ ಒಂದು ಅಲ್ಯೂಮಿನಿಯಂ ಉಪ್ಪು ಸೇರಿಸುತ್ತಾರೆ, ಅಡ್ಜುವೆಂಟ್ ಅನ್ನುವುದು ಇದಕ್ಕೇ. ಮಳೆಗಾಲದಲ್ಲಿ ಬಾವಿ ನೀರು ಕೆಂಪಾದರೆ ಪಟಿಕ ಹಾಕುತ್ತೇವಲ್ವಾ, ಅದೇ ಜಾತಿಯದ್ದು. 1926ರಲ್ಲಿ ಇಂಗ್ಲೆಂಡಿನ ಗ್ಲೆನ್ನಿ ಮತ್ತು ಜೊತೆಗಾರರು ಗಂಟಲಮಾರಿ ಲಸಿಕೆಗೆ ಪಟಿಕ ಸೇರಿಸಿ ಗಿನಿಪಿಗ್‌ಗಳಿಗೆ ಕೊಟ್ಟಾಗ ಪ್ರತಿಕಾಯ, ಅಂದರೆ ರೋಗ ತಡೆಯಲು ದೇಹ ತಯಾರಿಸುವ ಪ್ರೋಟೀನ್, ಜಾಸ್ತಿ ಬಂತು. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ರಾಮೋನ್ ಎಂಬ ಪಶುವೈದ್ಯರು ಸೂಜಿ ಚುಚ್ಚಿದ ಜಾಗ ಬಾತ ಕುದುರೆಗಳ ರಕ್ತದಲ್ಲಿ ವಿಷ ತಡೆಯುವ ಶಕ್ತಿ ಹೆಚ್ಚಿರುವುದನ್ನು ಗಮನಿಸಿದ್ದರು. ಬೇಕೆಂದೇ ಬಾವು ಬರಿಸಲು ಲಸಿಕೆಗೆ ಮರಗೆಣಸಿನ ಹಿಟ್ಟನ್ನೂ ಬೆರೆಸಿ ನೋಡಿದ್ದರು.

ಅಂದರೆ ಅಜ್ಜಿ ಬೈದ ಆ ಬಾವೇ ಇಡೀ ವಿದ್ಯೆಗೆ ದಾರಿ ತೋರಿಸಿದ್ದು! ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಮೊದಲ ಎರಡು ದಿನ ತೊಡೆಯೊಳಗೆ ಏನಾಗುತ್ತದೆ ಅನ್ನುವುದನ್ನು ಈಗ ತಾಯಂದಿರಿಗೆ ಹೀಗೆ ಹೇಳುತ್ತೇನೆ. ಉಪ್ಪಿನ ಸಣ್ಣ ಕಣಗಳಿಗೆ ಪ್ರೋಟೀನ್ ಅಂಟಿಕೊಂಡಿರುತ್ತದೆ. ಆ ಕಣಗಳಿಂದ ಅಲ್ಲಿನ ಕೆಲವು ಜೀವಕೋಶಗಳಿಗೆ ಸ್ವಲ್ಪ ಪೆಟ್ಟಾಗುತ್ತದೆ, ಪೆಟ್ಟಾದ ಕೋಶಗಳು ಯೂರಿಕ್ ಆಮ್ಲದಂಥ ವಸ್ತು ಹೊರಬಿಟ್ಟು ಬೊಬ್ಬೆ ಹಾಕುತ್ತವೆ. ಬೊಬ್ಬೆ ಕೇಳಿ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಬಿಳಿ ಕಣಗಳು ಓಡಿ ಬರುತ್ತವೆ, ಮೊದಲು ನ್ಯೂಟ್ರೋಫಿಲ್, ಹಿಂದೆಯೇ ಮೊನೊಸೈಟ್. ಗಟ್ಟಿ, ಬಿಸಿ, ನೋವು ಅಂದರೆ ಈ ಜನ ಸೇರಿದ್ದು. ಇವರಲ್ಲಿ ಡೆಂಡ್ರಿಟಿಕ್ ಕೋಶ ಅಂತ ಒಂದಿದೆ, ಅದು ಉಪ್ಪಿಗೆ ಅಂಟಿದ ಪ್ರೋಟೀನನ್ನು ನುಂಗಿ ತೊಡೆಸಂದಿನ ಲಿಂಫ್ ಗಂಟಿಗೆ ಹೋಗುತ್ತದೆ, ಅಲ್ಲಿ ದೇಹ ಕಾಯುವ ಟಿ ಕೋಶಗಳಿಗೆ "ನೋಡಿ, ಇದು" ಎಂದು ತೋರಿಸುತ್ತದೆ. ಪ್ರತಿಕಾಯ ತಯಾರಾಗುವುದು ಆಮೇಲೆ, ವಾರಗಟ್ಟಲೆ ಕೆಲಸ ಅದು. ಆದರೆ ಮೊದಲ ಬೊಬ್ಬೆ ಸರಿಯಾಗಿ ಏಳದಿದ್ದರೆ ಮುಂದಿನದೂ ಅಷ್ಟಕ್ಕಷ್ಟೇ.

ಒಂದು ತಿದ್ದುಪಡಿ ಹೇಳಲೇಬೇಕು. ಜ್ವರವೂ ಈ ಉಪ್ಪಿನಿಂದಲೇ ಅಂತ ನಾನು ಕೆಲವು ದಿನ ಹೇಳಿಕೊಂಡು ಬಂದೆ, ಅದು ತಪ್ಪು. ನಮ್ಮ ಪೆಂಟಾದಲ್ಲಿ ನಾಯಿಕೆಮ್ಮಿನ ಇಡೀ ಬ್ಯಾಕ್ಟೀರಿಯಾವನ್ನೇ ಕೊಂದು ಹಾಕಿರುತ್ತಾರೆ, ಅದರ ಗೋಡೆಯ ಚೂರುಗಳೇ ದೇಹಕ್ಕೆ ದೊಡ್ಡ ಕರೆಗಂಟೆ. ಜ್ವರ ಹೆಚ್ಚಾಗಿ ಅದರಿಂದ.

ಇನ್ನು ನನ್ನಿಂದ ಆದ ತಪ್ಪು. ಜುಲೈ ತಿಂಗಳು, ಹೊಳೆ ತುಂಬಿತ್ತು, ದೋಣಿಯವನು ಬೇಗ ಬನ್ನಿ ಅಂತ ಫೋನ್ ಮೇಲೆ ಫೋನ್ ಮಾಡುತ್ತಿದ್ದ. ಡೀಪ್ ಫ್ರೀಜರಿನಿಂದ ತೆಗೆದ ನಾಲ್ಕು ಐಸ್ ಪ್ಯಾಕ್ ಹಾಗೇ ಪೆಟ್ಟಿಗೆಗೆ ಹಾಕಿ, ನಡುವೆ ಲಸಿಕೆ ಇಟ್ಟು ಹೊರಟೆ. ಕುರ್ವೆಯಲ್ಲಿ ಪೆಂಟಾ ಬಾಟಲಿ ತೆಗೆದು ಅಲ್ಲಾಡಿಸಿದರೆ ಅಕ್ಕಿ ತೊಳೆದ ನೀರಿನ ಹಾಗೆ ಒಂದೇ ಸಮ ಮಸುಕಾಗಿ ಇರಬೇಕಾದದ್ದು ಒಡೆದ ಹಾಲಿನ ಹಾಗೆ ಚೂರು ಚೂರು. ನನ್ನ ಕೈ ತಣ್ಣಗಾಯಿತು. ಗಜನಿ ಗದ್ದೆಯ ಕೆಲಸ ಬಿಟ್ಟು ಆರು ತಾಯಂದಿರು ಕೂತಿದ್ದರು, ಆ ಅಜ್ಜಿಯೂ ಇದ್ದರು, ಹುಡುಗನಿಗೆ ಮೂರನೇ ಡೋಸ್. ಪೋಲಿಯೋ ಹನಿ, ಭೇದಿ ತಡೆಯುವ ರೋಟಾ ಹನಿ ಮಾತ್ರ ಹಾಕಿದೆ. "ಐಸು ಜಾಸ್ತಿಯಾಗಿ ಸೂಜಿ ಮದ್ದು ಕೆಟ್ಟಿರಬಹುದು, ತಪ್ಪು ನನ್ನದು, ಶನಿವಾರ ಮತ್ತೆ ಬರ್ತೇನೆ" ಅಂದೆ.

ವಾಪಸ್ ಬಂದು ಶೇಕ್ ಟೆಸ್ಟ್ ಮಾಡಿದೆವು. ಅದೇ ಕಂಪನಿಯ, ಅದೇ ಬ್ಯಾಚಿನ ಇನ್ನೊಂದು ಬಾಟಲಿಯನ್ನು ಬೇಕೆಂದೇ ಗಟ್ಟಿಯಾಗುವಷ್ಟು ಫ್ರೀಜ್ ಮಾಡಿ, ತಾನಾಗಿ ಕರಗಲು ಬಿಟ್ಟು, ಎರಡನ್ನೂ ಒಂದೇ ಕೈಯಲ್ಲಿ ಹಿಡಿದು 10-15 ಸೆಕೆಂಡು ಅಲ್ಲಾಡಿಸಿ, ಮೇಜಿನ ಮೇಲೆ ಇಟ್ಟು ಅರ್ಧ ಗಂಟೆ ನೋಡಬೇಕು. ನನ್ನ ಬಾಟಲಿಯಲ್ಲಿ ಗಸಿ ಅದರಷ್ಟೇ ಬೇಗ ತಳಕ್ಕೆ ಇಳಿಯಿತು. ಕೆಟ್ಟಿದೆ ಅಂತ ಅರ್ಥ.

ನೀರು ಹೆಪ್ಪುಗಟ್ಟುವಾಗ ಆ ಸಣ್ಣ ಕಣಗಳನ್ನು ಒಂದಕ್ಕೊಂದು ಒತ್ತಿ ಮುದ್ದೆ ಮಾಡುತ್ತದೆ. ಆಮೇಲೆ ಕರಗಿಸಿದರೂ, ಎಷ್ಟು ಅಲ್ಲಾಡಿಸಿದರೂ ಮುದ್ದೆ ಬಿಡುವುದಿಲ್ಲ. ಅಂಥದ್ದನ್ನು ಚುಚ್ಚಿದರೆ ರಕ್ಷಣೆ ಕಡಿಮೆಯಾಗಬಹುದು, ಬಾವು ಮಾತ್ರ ಬರಬಹುದು. ಬಾಟಲಿ ಮೇಲಿನ ಬಣ್ಣದ ಚೌಕ, ವಿವಿಎಂ, ಬಿಸಿಯನ್ನು ಮಾತ್ರ ಹೇಳುತ್ತದೆ. ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ನಾವೆಲ್ಲ ಬಿಸಿಗೆ ಹೆದರುತ್ತೇವೆ, ತಂಪು ಜಾಸ್ತಿಯಾದಷ್ಟೂ ಒಳ್ಳೆಯದು ಅಂದುಕೊಳ್ಳುತ್ತೇವೆ. ಪೆಂಟಾಕ್ಕೆ 2ರಿಂದ 8 ಡಿಗ್ರಿ, ಅಷ್ಟೇ. ಈಗ ಐಸ್ ಪ್ಯಾಕ್ ಹೊರಗಿಟ್ಟು, ಮೈ ಬೆವರಿ, ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಪೆಟ್ಟಿಗೆಗೆ ಹಾಕುವುದಿಲ್ಲ. ದೋಣಿ ಕಾಯಲಿ.

ಶನಿವಾರ ಆರೂ ಮಕ್ಕಳಿಗೆ ಕೊಟ್ಟೆ. ಬಾತ ಜಾಗಕ್ಕೆ ತಣ್ಣೀರು ಬಟ್ಟೆ ಹಾಕಿ. ಎಣ್ಣೆ ಹಚ್ಚಿ ತಿಕ್ಕಬೇಡಿ. ಪ್ಯಾರಾಸಿಟಮಾಲ್ ಜ್ವರ ಬಂದರೆ ಮಾತ್ರ ಕೊಡಿ, ಮೊದಲೇ ಬೇಡ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಜ್ವರ ಬರುವ ಮೊದಲೇ ಅದನ್ನು ಕೊಟ್ಟ ಮಕ್ಕಳಲ್ಲಿ ಕೆಲವು ಪ್ರತಿಕಾಯ ಕಡಿಮೆ ಬಂದದ್ದು 2009ರಲ್ಲಿ ಪ್ರಕಟವಾದ ಜೆಕ್ ದೇಶದ ಅಧ್ಯಯನದಲ್ಲಿ ಕಂಡಿದೆ. ಮೂರು ಗಂಟೆಗಿಂತ ಜಾಸ್ತಿ ಬಿಡದೆ ಅತ್ತರೆ, ಹಾಲು ಬಿಟ್ಟರೆ, ಫಿಟ್ಸ್ ಬಂದರೆ ಕಾಯಬೇಡಿ, ತಕ್ಷಣ ಡಾಕ್ಟರ ಹತ್ತಿರ ಬನ್ನಿ ಅಂದೆ.

ಮುಂದಿನ ವಾರ ಅಜ್ಜಿಗೆ ಬೇರೆಯೇ ಚಿಂತೆ. "ಈ ಸಲ ಜ್ವರನೇ ಬರ್ಲಿಲ್ಲ, ಬಾವೂ ಇಲ್ಲೆ. ಸೂಜಿ ಹತ್ಲಿಲ್ವಾ ಸಿಸ್ಟರೇ?" ಹತ್ತಿದೆ ಅಜ್ಜಿ ಅಂದೆ. ಒಳಗೆ ಜನ ಸೇರುವುದು ಎಲ್ಲ ಮಕ್ಕಳಲ್ಲೂ ಹೊರಗೆ ಕಾಣುವಷ್ಟು ಜೋರಾಗಿ ಇರುವುದಿಲ್ಲ. ಕಾಣಲಿಲ್ಲ ಅಂದರೆ ಆಗಲಿಲ್ಲ ಅಂತ ಅಲ್ಲ.

ಹುಡುಗನಿಗೆ ಇನ್ನು 9 ತಿಂಗಳಿಗೆ ಕೊಡುವ ಸೂಜಿಗಳಲ್ಲಿ ತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ, ತೋಳಿಗೆ ದಡಾರ-ರುಬೆಲ್ಲಾದ ಎಂಆರ್ ಇವೆ. ಪಿಸಿವಿಯಲ್ಲಿ ಅಲ್ಯೂಮಿನಿಯಂ ಇದೆ, ನೋವು ಬಂದರೆ ಒಂದೆರಡು ದಿನದಲ್ಲೇ. ಎಂಆರ್‌ನಲ್ಲಿ ಅದಿಲ್ಲ, ಬಲ ಕುಂದಿಸಿದ ಜೀವಂತ ವೈರಸ್ ತಾನೇ ಬೆಳೆದು ತಾನೇ ಬೊಬ್ಬೆ ಹಾಕಬೇಕು, ಹಾಗಾಗಿ ಅದರ ಜ್ವರ ಬಂದರೆ ಒಂದು ವಾರ ಕಳೆದ ಮೇಲೆ. ಅಜ್ಜಿಗೆ ಈಗಲೇ ಹೇಳಿಟ್ಟಿದ್ದೇನೆ, ತಾಯಿ ಕಾರ್ಡಿನ ಹಿಂದೆ ಬರೆದೂ ಕೊಟ್ಟಿದ್ದೇನೆ.