ಊಟ, ಸರ್ಟಿಫಿಕೇಟ್ ಇಲ್ಲದ ಕಾರ್ಯಾಗಾರ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಕಾರ್ಯಾಗಾರ ಮಾಡಿದವರಿಗೆಲ್ಲ ಈ ಲೆಕ್ಕ ಗೊತ್ತು. ಫ್ಲೆಕ್ಸು, ಶಾಲು, ಹಾರ, ನೆನಪಿನ ಕಾಣಿಕೆ, ಹೊರಗಿಂದ ಬಂದವರ ಟಿಎ-ಡಿಎ, ಊಟ. ನಮ್ಮಲ್ಲಿ ಒಂದು ದಿನಕ್ಕೆ ಮೂವತ್ತೈದು-ನಲವತ್ತು ಸಾವಿರ ಹಾರುತ್ತಿತ್ತು, ಅರ್ಧ ಊಟಕ್ಕೇ. ಉದ್ಘಾಟನೆ ಮುಗಿಯುವಷ್ಟರಲ್ಲಿ ಹನ್ನೆರಡು. ಊಟದ ಮೇಲೆ, ಆಕರಗಳನ್ನು ಕೂಡಿಟ್ಟು ಗ್ರಂಥಸೂಚಿ ಮಾಡಿಕೊಡುವ ಝೋಟೆರೊ ತಂತ್ರಾಂಶ ತೋರಿಸಲು ನಿಂತರೆ ಹಿಂದಿನ ಸಾಲೆಲ್ಲ ಖಾಲಿ. ಸರ್ಟಿಫಿಕೇಟ್ ಹಂಚುವ ಹೊತ್ತಿಗೆ ಮತ್ತೆ ಭರ್ತಿ.

ಅದನ್ನೆಲ್ಲ ಬಿಟ್ಟು, ಬುಧವಾರ ಮಧ್ಯಾಹ್ನ ಎರಡು ತಾಸು, ಹತ್ತು-ಹನ್ನೆರಡು ಜನ, ನಿಮ್ಮ ಪ್ರಬಂಧದ್ದೇ ಒಂದು ಅಧ್ಯಾಯ ಪೆನ್‌ಡ್ರೈವಿನಲ್ಲಿ ತನ್ನಿ ಎಂದು ನೋಟಿಸ್ ಹಾಕಿದೆ. ಪಾಠ ಕನ್ನಡದಲ್ಲೇ. ‘ಸರ್ಟಿಫಿಕೇಟ್ ಇಲ್ಲಂದ್ರ ಯಾರ್ ಬರ್ತಾರ್ರೀ ಸರ್?’ ಅಂದರು ಸಹೋದ್ಯೋಗಿ. ಮೊದಮೊದಲು ಅವರ ಮಾತೇ ನಿಜವಾಯಿತು. ಮೂರ್ನಾಲ್ಕು ಜನ ಬಂದರು, ಅದರಲ್ಲೂ ಕೆಲವರು ಎಸಿಗೆ ಬಂದವರು.

ಗಾಳಿ ತಿರುಗಿಸಿದ್ದು ಕನ್ನಡ ಟೈಪಿಸುವ ನುಡಿ ಫಾಂಟು. ಕನ್ನಡ ವಿಭಾಗದ ಹುಡುಗಿಯೊಬ್ಬಳು ಕೃತಿಚೌರ್ಯದ ವರದಿ, ಅಂದರೆ ಪ್ರಬಂಧ ಬೇರೆ ಬರಹಗಳನ್ನು ಎಷ್ಟು ಹೋಲುತ್ತದೆಂದು ತಂತ್ರಾಂಶ ಕೊಡುವ ಲೆಕ್ಕ, ಹಿಡಿದು ಬಂದಳು. ‘ಒಂದೇ ಪರ್ಸೆಂಟ್ ಬಂದೈತ್ರಿ ಸರ್!’ ಅವಳ ಕಡತದಿಂದ ‘ಕನ್ನಡ’ ಎಂಬ ಪದ ಎತ್ತಿ ಬ್ರೌಸರಿಗೆ ಅಂಟಿಸಿದೆ. ತೆರೆಯ ಮೇಲೆ ಬಂದದ್ದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ನಡುವೆ ಒಂದು ಪೌಂಡ್ ಚಿಹ್ನೆ. ಹಳೆಯ ನುಡಿಯಲ್ಲಿ ಬರೆದದ್ದನ್ನು ತಂತ್ರಾಂಶ ಓದುವುದು ಹೀಗೆ. ಇದಕ್ಕೆ ಸಾಮ್ಯ ಎಲ್ಲಿಂದ ಸಿಗಬೇಕು? ದೇಶದ ಪಿಎಚ್‌.ಡಿ. ಪ್ರಬಂಧಗಳನ್ನು ಕೂಡಿಡುವ ಶೋಧಗಂಗಾ ಜಾಲತಾಣಕ್ಕೆ ಏರಿಸಿದ ಮೇಲೂ ಅಷ್ಟೇ, ಒಳಗಿನ ಒಂದು ಪದವೂ ಹುಡುಕಾಟಕ್ಕೆ ಸಿಗದು.

ಎಲ್ಲ ಯಂತ್ರಗಳೂ ಕನ್ನಡವೆಂದೇ ಓದುವ ಯೂನಿಕೋಡಿಗೆ ತಿರುಗಿಸಿದೆವು. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತು, ನಡುವಿನ ಇಂಗ್ಲಿಷ್ ಹೆಸರುಗಳೆಲ್ಲ ಕಲಸಿಹೋದವು. (ಇಂಗ್ಲಿಷ್ ಭಾಗ ಕೆಡದ ಹಾಗೆ ತಿರುಗಿಸಲು ನನ್ನದೊಂದು ಉಪಾಯ ಇದೆ. ಅದು ಬುಧವಾರ ಬಂದವರಿಗೆ ಮಾತ್ರ.) ತಂತ್ರಾಂಶಕ್ಕೆ ಮತ್ತೆ ಹಾಕಿದರೆ ಇಪ್ಪತ್ತೇಳೋ ಇಪ್ಪತ್ತೆಂಟೋ ಪರ್ಸೆಂಟ್. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಸಾಮ್ಯ ಶೇ. 10ರವರೆಗೆ ಕೇಳುವವರಿಲ್ಲ, ಅದು ದಾಟಿ 40ರೊಳಗಿದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಹುಡುಗಿ ಕಣ್ಣಲ್ಲಿ ನೀರು. ಗೈಡ್ ಫೋನ್ ಮಾಡಿ, ನಡೀತಿರೋದನ್ನ ಕೆಡಿಸಿದಿರಿ ಅಂತ ರೇಗಿದರು.

ಸಾಲು ಸಾಲು ನೋಡಿದಾಗ ಕೆಂಪು ಬಿದ್ದದ್ದರಲ್ಲಿ ಮುಕ್ಕಾಲು ಪಾಲು ವಚನಗಳು! ನಮ್ಮ ಪ್ರಬಂಧಗಳಲ್ಲಿ ವಚನವನ್ನು ಒಳಸರಿಸಿ ಬರೆಯುತ್ತೇವೆ, ಉದ್ಧರಣ ಚಿಹ್ನೆ ಹಾಕುವುದಿಲ್ಲ. ಯಂತ್ರಕ್ಕೆ ಅದು ಬಸವಣ್ಣನವರದು ಅಂತ ಹೇಗೆ ಗೊತ್ತಾಗಬೇಕು? ಆಕರ ಕೊಟ್ಟು ಉದ್ಧರಿಸಿದ ಭಾಗವನ್ನು ಬಿಡಲು ಅದೇ ನಿಯಮದಲ್ಲಿ ಅವಕಾಶವಿದೆ. ಪ್ರತಿ ವಚನಕ್ಕೂ ಚಿಹ್ನೆ, ಸಂಪುಟ, ವಚನಸಂಖ್ಯೆ ಹಾಕಿಸಿದೆ. ಉಳಿದ ಎರಡು ಪುಟ ನಿಜವಾಗಿಯೂ ಎತ್ತಿದ್ದೇ. ಅವನ್ನು ಅವಳೇ ಹೊಸದಾಗಿ ಬರೆದಳು. ಸಾಮ್ಯ ಹತ್ತರೊಳಗೆ ಇಳಿಯಿತು. ಮುಂದಿನ ವಾರ ಅದೇ ಗೈಡ್ ತಮ್ಮ ಇನ್ನೂ ನಾಲ್ವರನ್ನು ಕಳಿಸಿದರು. ಇತಿಹಾಸ, ಜಾನಪದ ವಿಭಾಗದವರು ಹಿಂದೆಯೇ ಬಂದರು. ಈಗ ಹೆಸರು ಬರೆಸಿ ಕಾಯಬೇಕು. ಸರ್ಟಿಫಿಕೇಟ್ ಕೇಳಿದವರು ಈವರೆಗೆ ಒಬ್ಬರೂ ಇಲ್ಲ.

ಖರ್ಚು? ಚಹಾ, ಗಿರಮಿಟ್ಟಿಗೆ ವಾರಕ್ಕೆ ನಾನೂರು ಮೇಲೆ ಹೋಗಿಲ್ಲ. ಉಳಿದ ದುಡ್ಡಲ್ಲಿ ಸ್ಕ್ಯಾನರ್ ಕೇಳಿದೆ. ಕಾರ್ಯಾಗಾರದ ಬಾಬ್ತಿನಲ್ಲಿ ಉಪಕರಣ ಬರೋದಿಲ್ಲ ಅಂತ ಕಡತ ವಾಪಸ್. ಶಾಲು ಬರುತ್ತದೆ, ಸ್ಕ್ಯಾನರ್ ಬರುವುದಿಲ್ಲ. ಬೇರೆ ಬಾಬ್ತು ಹಿಡಿದು ತರಿಸಲು ವರ್ಷ ಹಿಡಿಯಿತು.

ಸ್ಕ್ಯಾನರ್ ಬಂದ ಮೇಲೆ ಹಳೆಯ ಪತ್ರಿಕೆಗಳನ್ನು ಗೂಗಲ್ ಡ್ರೈವಿನಲ್ಲಿ ಪಠ್ಯ ಮಾಡಿ ನೋಡಿದೆ. ಅಚ್ಚು ಚೆನ್ನಾಗಿದ್ದರೆ ಪರವಾಗಿಲ್ಲ, ಮೊಳೆ ಸವೆದಿದ್ದರೆ ಒತ್ತಕ್ಷರ ಕೈಕೊಡುತ್ತದೆ. ಝೋಟೆರೊದಲ್ಲಿ ಕನ್ನಡ ಗ್ರಂಥಸೂಚಿಯ ನಡುವೆ ಇಂಗ್ಲಿಷಿನ ‘ಎಡಿಟರ್’ ಇಣುಕುವುದನ್ನು ತಪ್ಪಿಸಲು ಶೈಲಿಯ ಕಡತವನ್ನೇ ಬಿಚ್ಚಿ ‘ಸಂ.’ ಸೇರಿಸಿದ್ದೇನೆ. ಇನ್ನೂ ಪೂರ್ತಿ ಪಳಗಿಲ್ಲ. ವಿಜ್ಞಾನದವರ ಗೋಳೇ ಬೇರೆ, ಅವರಿಗೆ ಝೋಟೆರೊದ ಉಚಿತ 300 ಎಂಬಿ ಜಾಗ ಸಾಲದು. ಪಿಡಿಎಫ್ ಬೇರೆ ಕಡೆ ಇಟ್ಟು ಕೊಂಡಿ ಮಾತ್ರ ಸೇರಿಸಿ ಅಂದಿದ್ದೇನೆ. ಅವರ ಸರದಿ ಶುಕ್ರವಾರ.