ಫ್ಯಾನ್ ಬಂದ್ ಮಾಡಿ, ಆಮೇಲೆ ಬೆಸುಗೆ ಹಾಕಿ

ಕಲಬುರಗಿಯ ಮೇ ತಿಂಗಳು. ತಲೆ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಅದರ ಕೆಳಗೇ ಕೂತು ನಾನು ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಬೆಸುಗೆ ಹಾಕಿದೆ. ಸಿಮೋಯ್ ಅನ್ನುವ ಹಳೆಯ ಸರ್ಕ್ಯೂಟ್: ಒಂದು 9 ವೋಲ್ಟ್ ಬ್ಯಾಟರಿ, ಎಂಟು ಕಾಲಿನ ಒಂದು ಐಸಿ (ಸದ್ದು ಜೋರು ಮಾಡುವ ಚಿಪ್), ಬೆಂಕಿಪೊಟ್ಟಣದಷ್ಟು ಬೋರ್ಡ್. ಆನ್ ಮಾಡಿದರೆ ಬಲಗಿವಿಗೆ ಹಾಡು, ಎಡಗಿವಿಗೆ ಬರೀ ಕರಕರ. ಐಸಿ ಕೆಟ್ಟಿದೆ ಅಂತ ಸೂಪರ್ ಮಾರ್ಕೆಟ್‌ ಪೇಟೆ ಕಡೆ ಎರಡು ಸಲ ಓಡಿದೆ. ಅದು ಚೆನ್ನಾಗೇ ಇತ್ತು. ಐಸಿ ಮೇಲಿನ ಗುಮಾನಿ ಕೊನೆಗಿರಲಿ.

ಮೊದಲು ಬ್ಯಾಟರಿ ಬಿಚ್ಚಿ, ಬೋರ್ಡ್ ತಿರುವಿ ಬೆಳಕಿಗೆ ಹಿಡಿಯಿರಿ. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿದರೆ ಭೂತಗನ್ನಡಿ ಬೇಕಿಲ್ಲ. ಒಳ್ಳೆಯ ಬೆಸುಗೆ ಕಾಲಿನ ಸುತ್ತ ಇಳಿಜಾರಾಗಿ ಹರಡಿರುತ್ತದೆ. ಕೆಟ್ಟದ್ದು ಬೂದಿ ಬಣ್ಣದ ಗುಂಡಿನ ಹಾಗೆ ಮೇಲೆ ಕೂತಿರುತ್ತದೆ. ಪಕ್ಕದ ಎರಡು ಕಾಲು ಸೇರಿಕೊಂಡಿವೆಯಾ, ಅದನ್ನೂ ನೋಡಿ.

ಈಗ ಐಸಿಯನ್ನು ಸಾಕೆಟ್‌ನಿಂದ ತೆಗೆದು ಬ್ಯಾಟರಿ ಜೋಡಿಸಿ. ಮಲ್ಟಿಮೀಟರ್ ಡಿಸಿ 20 ವೋಲ್ಟ್‌ನಲ್ಲಿರಲಿ. ಸಾಕೆಟ್‌ನ 8 ಮತ್ತು 4ನೇ ಕಾಲಿನ ನಡುವೆ ಸುಮಾರು 9 ವೋಲ್ಟ್ ಬರಬೇಕು (ಮೇಲಿಂದ ನೋಡುವಾಗ ತುದಿಯ ಗುಳಿ ಮೇಲಿರಲಿ, ಎಡ ಮೇಲಿನದು 1, ಅಲ್ಲಿಂದ ಗಡಿಯಾರದ ಉಲ್ಟಾ ದಿಕ್ಕಿಗೆ ಎಣಿಸಿ). ಮುಂದಿನದರಲ್ಲಿ ಬಹಳ ಜನ ಎಡವುತ್ತಾರೆ. ಈ ಬೋರ್ಡ್‌ನ ಗ್ರೌಂಡ್ ಬ್ಯಾಟರಿಯ ಮೈನಸ್ ಅಲ್ಲ! ಎರಡು ಸಮ ರೆಸಿಸ್ಟರ್‌ಗಳು ಬ್ಯಾಟರಿಯ ವೋಲ್ಟೇಜನ್ನು ಅರ್ಧ ಮಾಡುತ್ತವೆ, ಆ ನಡುವಿನ ಜಾಗವೇ ಗ್ರೌಂಡ್. ಅಲ್ಲಿಂದ ಎರಡೂ ಕಡೆ ನಾಲ್ಕೂವರೆ ಸಿಗಬೇಕು. ಒಂದು ಕಡೆ 6, ಇನ್ನೊಂದು ಕಡೆ 3 ಅಂದರೆ ರೆಸಿಸ್ಟರ್ ಬೇರೆ ಬೆಲೆಯದು ಬಿದ್ದಿದೆ, ಇಲ್ಲವೇ ದೊಡ್ಡ ಕೆಪಾಸಿಟರ್ ಉಲ್ಟಾ ಕೂತಿದೆ. ಅದರ ಮೈಮೇಲಿನ ಪಟ್ಟಿ ಇರುವ ಕಡೆಯದು ಮೈನಸ್ ಕಾಲು.

ಇದು ಸರಿ ಇದ್ದರೆ ಬ್ಯಾಟರಿ ಬಿಚ್ಚಿ ಐಸಿ ಹಾಕಿ. ಅದರ ತುದಿಯ ಗುಳಿ ಸಾಕೆಟ್‌ನ ಗುಳಿಯ ಕಡೆಗೇ ಇರಲಿ. ಉಲ್ಟಾ ಹಾಕಿದರೆ ಪ್ಲಸ್ ಮೈನಸ್ ಅದಲುಬದಲಾಗಿ ಐಸಿ ಬಿಸಿಯಾಗುತ್ತದೆ, ಆಗ ನಿಜವಾಗಿಯೂ ಅಂಗಡಿಗೆ ಹೋಗಬೇಕಾಗುತ್ತದೆ.

ಹೆಡ್‌ಫೋನ್ ಇನ್ನೂ ಚುಚ್ಚಬೇಡಿ. ಬ್ಯಾಟರಿ ಮತ್ತೆ ಜೋಡಿಸಿ, ಮಿಲಿವೋಲ್ಟ್ ಕಾಣುವ ಹಾಗೆ ಮೀಟರನ್ನು ಕಡಿಮೆ ರೇಂಜಿಗೆ ತನ್ನಿ. ಗ್ರೌಂಡ್‌ನಿಂದ 1 ಮತ್ತು 7ನೇ ಕಾಲನ್ನು ಅಳೆಯಿರಿ. ಎರಡು ಕಿವಿಗೆ ಎರಡು ಔಟ್‌ಪುಟ್ ಅವು. ಹತ್ತಿಪ್ಪತ್ತು ಮಿಲಿವೋಲ್ಟ್ ಒಳಗಿದ್ದರೆ ನಿಶ್ಚಿಂತೆ. ಓಪಿಎ 2134 ಅನ್ನುವ ಐಸಿ ಬದಲು ಅಗ್ಗದ 5532 ಹಾಕಿದ್ದರೆ ಅಂಕಿ ಜಾಸ್ತಿ ಬರಬಹುದು, ಅದು ಬೆಸುಗೆಯ ತಪ್ಪಲ್ಲ. ಎರಡೂ ಚಾನಲ್ ಒಂದೇ ಥರ ಇರುವುದರಿಂದ ಒಳ್ಳೆಯದನ್ನೇ ಅಳತೆಗೋಲು ಮಾಡಿಕೊಳ್ಳಿ.

ನನ್ನ ಬೋರ್ಡ್‌ನಲ್ಲಿ 1ನೇ ಕಾಲು 3 ಮಿಲಿವೋಲ್ಟ್ ತೋರಿಸಿತು. 7ನೆಯದು ಒಮ್ಮೆ 4 ಮಿಲಿವೋಲ್ಟ್, ಮರುಕ್ಷಣ 3 ವೋಲ್ಟ್ ದಾಟಿ ಕುಣಿಯುತ್ತಿತ್ತು. ಅಷ್ಟು ಡಿಸಿ ಕಿವಿಯೊಳಗಿನ ಸ್ಪೀಕರ್‌ಗೆ ಹೋದರೆ ಕಾಯಿಲ್ ಸುಡಬಹುದು. ಹಳೇ ಇಯರ್‌ಫೋನ್ ಹಾಕಿ ನೋಡಿದ್ದೆ, ಪುಣ್ಯ.

ಉರಿದು ಉಳಿದ ಊದಿನಕಡ್ಡಿ ತಗೊಂಡು ಒಂದೊಂದೇ ಕಾಲನ್ನು ಮೆಲ್ಲಗೆ ಒತ್ತಿದೆ. ಬಿದಿರಿನ ಕಡ್ಡಿಯಲ್ಲಿ ಕರೆಂಟ್ ಹರಿಯಲ್ಲ, ಅಲ್ವಾ. 7ನೇ ಕಾಲಿನ ಔಟ್‌ಪುಟ್ಟನ್ನು 6ನೇ ಕಾಲಿಗೆ ವಾಪಸ್ ಕಳಿಸುವ ಫೀಡ್‌ಬ್ಯಾಕ್ ರೆಸಿಸ್ಟರ್ ಒತ್ತಿದಾಗ ಅಂಕಿ ನಿಂತಿತು, ಬಿಟ್ಟಾಗ ಮತ್ತೆ ಕುಣಿಯಿತು. ಫ್ಯಾನ್ ಗಾಳಿಗೆ ಸೋಲ್ಡರ್ ಸರಿಯಾಗಿ ಹರಿಯುವ ಮೊದಲೇ ಆರಿಹೋಗಿತ್ತು.

ಫ್ಯಾನ್ ಬಂದ್ ಮಾಡಿದೆ. ಕಾಲನ್ನೂ ತಾಮ್ರವನ್ನೂ ಒಟ್ಟಿಗೆ ಎರಡು ಮೂರು ಸೆಕೆಂಡ್ ಕಾಯಿಸಿ, ಆಮೇಲೆ ಸೋಲ್ಡರ್ ತಾಗಿಸಿದೆ. ಬೆವರು ಬೋರ್ಡ್ ಮೇಲೆ ಬೀಳದ ಹಾಗೆ ಹಣೆಗೊಂದು ಟವೆಲ್ ಕಟ್ಟಿಕೊಳ್ಳಿ.